ಎರಡು ಟರ್ಬೊಗಳ ನಡುವೆ

ಕೂತಲ್ಲಿ ಕೂರದವನು, ನಿಂತಲ್ಲಿ ನಿಲ್ಲದವನು ಎಂದು ಮನೆಯಲ್ಲಿ ನನಗೆ ಚಿಕ್ಕಂದಿನಿಂದಲೂ ಹೆಸರು. ಊಟಕ್ಕೆ ಕೂತರೂ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತದೆ. ಅಂಥವನ ಕೈಗೆ ಗಾಡಿ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಯಾರೋ ಓಡಿಸಿ ಬೇಜಾರಾಗಿ ಮಾರಿದ ಹಳೆಯ ಡೀಸೆಲ್ ಕಾರೊಂದನ್ನು ತಂದೆ. ಅದರ ಸೈಲೆನ್ಸರ್ ಕೀಳಿಸಿದೆ, ಒಳಗಿನ ಕಂಪ್ಯೂಟರನ್ನು ತಿದ್ದಿಸಿದೆ, ಗಾಳಿ ಎಳೆದುಕೊಳ್ಳುವ ಕೊಳವೆಗೆ ಕೋನಾಕಾರದ ದೊಡ್ಡ ಫಿಲ್ಟರ್ ಕೂರಿಸಿದೆ. ನಮ್ಮ ಕಡೆ ಧೂಳು ವಿಪರೀತ. ಆಗಾಗ ಬಿಚ್ಚಿ ತೊಳೆಯಲು ಅನುಕೂಲವಾಗಲೆಂದು ಫಿಲ್ಟರಿಗೆ ಸ್ಕ್ರೂ ಬದಲು ಒತ್ತಿದರೆ ಕಳಚಿಕೊಳ್ಳುವ ಕ್ಲಿಪ್ಪು ಹಾಕಿಸಿದೆ. ಆ ಕ್ಲಿಪ್ಪಿನ ಬಗ್ಗೆ ನನಗೆ ಭಾರೀ ಹೆಮ್ಮೆ ಇತ್ತು.

ಗಡಿಯಾಚೆ, ಮರಾಠಿ ಸೀಮೆಯ ನಿಲಂಗಾದಲ್ಲಿ ನನ್ನದು ಪಂಪು, ಪೈಪುಗಳ ಅಂಗಡಿ. ನಮ್ಮ ಊರು ಅಲ್ಲಿಂದ ಔರಾದ ಶಹಾಜನಿಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಈಗಲೂ ಒಂದಷ್ಟು ಕುರಿಗಳಿವೆ, ಹೊಲವಿದೆ. ಮಾಡದಲ್ಲಿ, ಅಂದರೆ ದೇವರ ಗೂಡಿನಲ್ಲಿ, ಬೀರಪ್ಪನಿದ್ದಾನೆ. ಬೀರಪ್ಪನ ಭಂಡಾರದ ಚೀಲ ಅಪ್ಪನ ಕೈಯಲ್ಲಿದೆ. ಭಂಡಾರವೆಂದರೆ ಬರೀ ಅರಿಶಿನದ ಪುಡಿ ಎನ್ನುವವರು ನಮ್ಮ ಓಣಿಯಲ್ಲಿ ಒಂದು ದಿನ ಇದ್ದು ನೋಡಬೇಕು. ಮಗು ಹುಟ್ಟಲಿ, ಬಾವಿಯಲ್ಲಿ ನೀರು ಬರಲಿ, ಹೊಸ ಟ್ರ್ಯಾಕ್ಟರ್ ಬರಲಿ, ಮೊದಲು ಅಪ್ಪನ ಕೈಯಿಂದ ಅದರ ಹಣೆಗೆ ಭಂಡಾರ ಬೀಳಬೇಕು. ಜೊತೆಗೆ ಒಣಕೊಬ್ಬರಿಯ ಚೂರು, ನಾವು ಖೋಬ್ರಿ ಎನ್ನುವುದು. ಟಗರಿಗಾದರೆ ಹಣೆಗೆ ಭಂಡಾರ ಹಚ್ಚಿ, ಬಾಯಿ ಬಿಡಿಸಿ, ಖೋಬ್ರಿಯನ್ನು ಅಪ್ಪ ತಾನೇ ತಿನ್ನಿಸುತ್ತಾನೆ.

ನನ್ನ ಗಾಡಿಯ ಬಗ್ಗೆ ಅಪ್ಪನಿಗೆ ತಮಾಷೆಯೂ ಇತ್ತು, ಒಳಗೊಳಗೆ ಪ್ರೀತಿಯೂ ಇತ್ತು. ಮನೆಗೆ ಬಂದವರಿಗೆ, "ಕುರಿ ಕಾಯೋರ ಮನ್ಯಾಗ ಹುಲಿ ಸಾಕ್ಯಾನ ನೋಡ್ರಿ ನನ್ನ ಮಗ" ಎನ್ನುತ್ತಿದ್ದ. ಒಮ್ಮೆ ನಾನು ಬಾನೆಟ್ ಎತ್ತಿ ನಿಂತಾಗ ಹತ್ತಿರ ಬಂದು, ಇದರ ಬಾಯಿ ಯಾವುದು ಎಂದು ಕೇಳಿದ. ನಾನು ದೊಡ್ಡ ಮೇಷ್ಟ್ರ ಹಾಗೆ ಕ್ಲಿಪ್ಪು ಒತ್ತಿ ಫಿಲ್ಟರ್ ಕಳಚಿ ತೋರಿಸಿದೆ. "ಇದೇ ನೋಡಪ್ಪಾ ಬಾಯಿ. ಇಲ್ಲಿಂದ ಉಸಿರು ಎಳೀತದ." ಅಪ್ಪ ಆ ಕೊಳವೆಯ ಬಾಯಿಗೆ ಅಂಗೈ ಹಿಡಿದು, ತಲೆಯಾಡಿಸಿ, ಕುರಿಗಳ ಕಡೆ ಹೋದ. ನಾನು ಅದನ್ನು ಅಲ್ಲಿಗೇ ಮರೆತೆ.

ದಸರೆಯ ಗಾಡಿಪೂಜೆ ಮುಗಿದು ಇನ್ನೂ ವಾರವಾಗಿರಲಿಲ್ಲ. ಅಂಗಡಿಗೆ ಸರಕು ತರಲು ಉಮರ್ಗಾಕ್ಕೆ ಹೊರಟಿದ್ದೆ. ಪೂಜೆಯ ಮೇಲೆ ಗಾಡಿ ಹೊರತೆಗೆದದ್ದು ಅದೇ ಮೊದಲು. ಮುಂದೆ ಸೋಯಾಬೀನ್ ಚೀಲ ಹೇರಿದ ಟ್ರ್ಯಾಕ್ಟರ್ ತೂಗಾಡುತ್ತ ಹೋಗುತ್ತಿತ್ತು. ಅದರ ಹಿಂದೆ ತಾಳ್ಮೆಯಿಂದ ಹೋಗುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಅದರ ಪಕ್ಕಕ್ಕೆ ಬಂದು ಪೆಡಲ್ ತುಳಿದೆ. ಗಾಡಿ ಎಂದಿನಂತೆ ಹಾರುವ ಬದಲು ಕಿರ್ರೆಂದು ಚೀರಿತು. ಆಮೇಲೆ ಒಳಗೇನೋ ಕಡಿದು ಬಿದ್ದ ಹಾಗೆ ಸದ್ದಾಗಿ ಎಳೆತವೇ ನಿಂತುಹೋಯಿತು. ಕನ್ನಡಿಯಲ್ಲಿ ನೋಡಿದರೆ ರಸ್ತೆಯೇ ಕಾಣುತ್ತಿಲ್ಲ, ಬರೀ ನೀಲಿ ಹೊಗೆ. ಟ್ರ್ಯಾಕ್ಟರಿನವನು ಪಕ್ಕದಲ್ಲಿ ಹಾದುಹೋಗುತ್ತ, ಗಾಡಿಗೆ ಬೆಂಕಿ ಬಿತ್ತೇ ಎಂದು ಮರಾಠಿಯಲ್ಲಿ ಕೂಗಿದ: "ಅಹೋ ಭಾವು, ಗಾಡಿ ಪೇಟಲಿ ಕಾ?" ಅವನಿಗೆ ಏನೋ ಬೈದೆ. ನಾನು ಹಿಂದೆ ಹಾಕಬೇಕೆಂದಿದ್ದ ಟ್ರ್ಯಾಕ್ಟರು ನನ್ನನ್ನೇ ಹಿಂದೆ ಹಾಕಿ ಹೋಯಿತು.

ಪರಿಚಯದ ಪಿಕಪ್ಪಿಗೆ ಹಗ್ಗ ಕಟ್ಟಿಸಿ ಗಾಡಿಯನ್ನು ಉಮರ್ಗಾದ ಹೈವೇ ಬದಿಯ ಗ್ಯಾರೇಜಿಗೆ ಎಳೆಸಿದೆ. ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ ಎನ್ನುತ್ತಾರೆ. ಬಾಯಿ ತುಂಬ ತಂಬಾಕು, ತಂಬಾಕಿಗಿಂತ ಹೆಚ್ಚು ಮಾತು. ಟರ್ಬೊ ಹೋಗಿದೆ ಎಂದು ಬಾನೆಟ್ ಎತ್ತುವ ಮುಂಚೆಯೇ ಹೇಳಿದ. ಅದು ನನಗೂ ಗೊತ್ತಿತ್ತು. ಇಂಜಿನ್ ಬಿಡುವ ಬಿಸಿ ಹೊಗೆಯಿಂದ ತಿರುಗುವ ಚಿಕ್ಕ ಚಕ್ರ ಒಂದು ತುದಿಗೆ, ಆ ತಿರುಗುವಿಕೆಯಲ್ಲೇ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ತುರುಕುವ ಚಕ್ರ ಇನ್ನೊಂದು ತುದಿಗೆ, ನಡುವೆ ಒಂದೇ ದಂಡ. ಟರ್ಬೊ ಎಂದರೆ ಇಷ್ಟೇ. ಆದರೆ ಅದು ತಿರುಗುವ ಜೋರಿಗೆ ಬೆರಳಿನುಗುರಿನಷ್ಟು ವಸ್ತು ಒಳಗೆ ಬಿದ್ದರೂ ಕಥೆ ಮುಗಿಯಿತು.

ಉಸ್ತಾದ ಅದನ್ನು ಬಿಚ್ಚಿ ದಂಡವನ್ನು ಬೆರಳಿನಿಂದ ಅಲ್ಲಾಡಿಸಿದ. "ನೋಡ್ರಿ ಮಾಲಕ, ಮುದುಕನ ಹಲ್ಲಿನಂಗ ಅಳ್ಳಾಡ್ಲತ್ತದ. ಸಂಪಲಾ, ಮುಗೀತು ಇದರ ಕಥಿ!" ಗಾಳಿಚಕ್ರದ ಎಲೆಗಳು ಮಡಚಿ ಹರಿದಿದ್ದವು. ಏನೋ ನುಂಗಿದೆ, ನಟ್ಟೋ ಕಲ್ಲೋ ಎಂದು ಗೊಣಗುತ್ತ ಮುಂದಿನ ಕೊಳವೆಗಳನ್ನೂ ಬಿಚ್ಚಿ ನೆಲಕ್ಕೆ ಬಡಿದ. ಎಣ್ಣೆಯಲ್ಲಿ ನೆನೆದ ಹಳದಿ ಚೂರುಗಳು ಉದುರಿದವು. ಉಸ್ತಾದ ಒಂದನ್ನು ಎತ್ತಿ ಮೂಸಿದ. ನನ್ನ ಮುಖ ನೋಡಿದ. ಮತ್ತೆ ಮೂಸಿದ.

"ಖೋಬ್ರಿ ಅದರೀ ಇದು! ಇಂಜಿನ್ನಾಗ ಚಟ್ನಿ ರುಬ್ಬಲತ್ತಿದ್ರೇನು?"

ಗ್ಯಾರೇಜೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಹಳದಿ ಬಣ್ಣ ನೋಡಿದ ಕೂಡಲೇ ಭಂಡಾರ ನೆನಪಾಯಿತು. ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿ, ಪೂಜೆಯ ದಿನ ನಾನು ಜಳಕಕ್ಕೆ ಹೋಗಿದ್ದಾಗ ಗಾಡಿಯ ಹತ್ತಿರ ಯಾರಿದ್ದರು ಎಂದು ಕೇಳಿದೆ.

"ಮಾವಾರು ಇದ್ರಲ್ರೀ. ಟಗರಿಗಿ ತಿನಸ್ದಂಗ ಅದಕ್ಕ ಬಿ ಖೋಬ್ರಿ ತಿನಸ್ಯಾರ. ಮುಚ್ಚಳ ತಗದು, ತಿನಸಿ, ಮತ್ತ ಛಂದಗಿ ಕುಂದ್ರಸ್ಯಾರ. ಬಾಯಿ ಇಲ್ಲೇ ಅದ ಅಂತ ನೀವೇ ತೋರ್ಸೀರಂತ."

ನಾನು ಗ್ಯಾರೇಜಿನ ಗೋಡೆಗೆ ಒಂದು ಒದೆ ಕೊಟ್ಟೆ. ಅಷ್ಟು ಸಿಟ್ಟು ಬಂದಿತ್ತು. ಗಾಡಿಗೆ ಹೊಟ್ಟೆ ಹಸಿಯುತ್ತದೆಂದು ಯಾರಾದರೂ ತಿನ್ನಿಸುತ್ತಾರೆಯೇ? ಆದರೆ ಹೆಂಡತಿಯ ಮಾತು ಮುಗಿದಿರಲಿಲ್ಲ. "ಅದು ಇರ್ಲಿ, ಮನ್ಯಾಗ ಬ್ಯಾರೇನೇ ನಡ್ದದ. ನಿಮ್ಮ ಗಾಡಿ ಹಗ್ಗ ಕಟ್ಟಿ ಎಳ್ಕೊಂಡು ಹೋಗಿದ್ದು ಯಾರೋ ನೋಡಿ ಮಾವಾರಿಗಿ ಹೇಳ್ಯಾರ. ಆವಾಗಿಂದ ಉಂಡಿಲ್ಲ. ಚೀಲ ಮಾಡದಾಗ ಇಟ್ಟು, ಇನ್ನ ನಾ ಮುಟ್ಟಂಗಿಲ್ಲ ಅಂದಾರ. ಐತಾರ ದಿನ ನಿಮ್ಮ ದೊಡ್ಡಪ್ಪನ ಮಗನ ಕೈಗಿ ಕೊಡ್ತಾರಂತ."

ಇದು ಹೊರಗಿನವರಿಗೆ ಅರ್ಥವಾಗುವಂತೆ ಹೇಳಬೇಕು. ನಮ್ಮ ಮನೆತನದಲ್ಲಿ ಒಂದು ನಂಬಿಕೆಯಿದೆ. ಯಾರ ಕೈಯಿಂದ ಭಂಡಾರ ಬಿದ್ದ ಜೀವವೋ ವಸ್ತುವೋ ವಾರದೊಳಗೆ ಕೆಡುತ್ತದೋ, ಅವನ ಕೈಯನ್ನು ಬೀರಪ್ಪ ಒಲ್ಲೆನೆಂದ ಹಾಗೆ. ಚೀಲ ಬೇರೆ ಕೈಗೆ ಹೋಗಬೇಕು. ಅಪ್ಪನಿಗೆ ಅದು ಬಂದದ್ದೂ ಹಾಗೆಯೇ. ಅವನ ಚಿಕ್ಕಪ್ಪ ಭಂಡಾರ ಹಾಕಿದ ಟಗರು ಅದೇ ವಾರ ಸತ್ತುಬಿತ್ತು. ಆ ಅಜ್ಜನನ್ನು ನಾನು ನೋಡಿದ್ದೇನೆ. ಚೀಲ ಕೊಟ್ಟ ಮೇಲೆ ಹೊಸ್ತಿಲ ಹತ್ತಿರ ಕೂತವನು ಯಾರ ಜೊತೆಗೂ ಮಾತಿಲ್ಲ, ಕತೆಯಿಲ್ಲ. ದೇವರು ಬಿಟ್ಟವನು ಎಂದು ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಕೊಂಡಿದ್ದ. ಅಪ್ಪ ಹಾಗಾಗುವುದನ್ನು ನೆನೆಸಿಕೊಂಡರೆ ನನ್ನ ಸಿಟ್ಟೆಲ್ಲ ಹೆದರಿಕೆಯಾಯಿತು.

ಹೇಳಿಬಿಟ್ಟರೆ ಆಯಿತಲ್ಲ ಎನ್ನಬಹುದು. ದೇವರದಲ್ಲ, ಖೋಬ್ರಿಯ ಕೆಲಸ ಎಂದು. ಅಲ್ಲೇ ಇದ್ದದ್ದು ತೊಡಕು. ಓಣಿಯ ಹಿರಿಯರೂ ಯಾರ ಕಾಲಿಗೆ ಬೀಳುತ್ತಾರೋ, ಆ ಮನುಷ್ಯ ಮಗನ ಗಾಡಿಗೆ ಕೊಬ್ಬರಿ ತಿನ್ನಿಸಿ ಕೆಡಿಸಿದ ಎಂಬ ಸುದ್ದಿ ಔರಾದದ ಸಂತೆಯಿಂದ ಜಳಕೋಟದವರೆಗೆ ಹೋಗುತ್ತಿತ್ತು. ನಾಳೆ ಯಾರು ತಮ್ಮ ಟ್ರ್ಯಾಕ್ಟರನ್ನು ಅವನ ಮುಂದೆ ತಂದು ನಿಲ್ಲಿಸುತ್ತಾರೆ? ಹೇಳಿದರೆ ನಗೆಪಾಟಲು, ಹೇಳದಿದ್ದರೆ ಹೊಸ್ತಿಲು. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ನಾನು.

ಉಸ್ತಾದನಿಗೆ ಇದೆಲ್ಲ ಬೇಕಿರಲಿಲ್ಲ. ಅವನು ಬೆಂಚಿನ ಮೇಲೆ ಗಾಡಿಯ ಮೂಲ ಅಳತೆಯದೇ ಹೊಸ ಟರ್ಬೊ ಒಂದನ್ನು ಇಟ್ಟ. ತುಳಿದ ಕೂಡಲೇ ಎಳೆಯುತ್ತದೆ, ಇಂಜಿನ್ನಿಗೆ ಒಗ್ಗಿದ್ದು, ಎಣ್ಣೆಯ ಕೊಳವೆ ಬದಲಿಸಿ ಒಳಗಿನ ಚೂರುಗಳನ್ನೆಲ್ಲ ತೊಳೆದು ಕೂರಿಸಿದರೆ ತಲೆಬಿಸಿ ಇಲ್ಲ. ಆಮೇಲೆ ತಂಬಾಕು ಉಗುಳಿ ಬಂದು ದನಿ ತಗ್ಗಿಸಿದ.

"ಖರೇ ಹೇಳ್ಲೇನ್ರಿ ಮಾಲಕ? ಹ್ಯಾಂಗಿದ್ರೂ ಬಿಚ್ಚೀವಿ. ಉದಗೀರದಾಗ ನನ್ನ ದೋಸ್ತನ ಹಂತ್ಯಾಕ ಒಂದು ದೊಡ್ಡದು ಅದ. ಜೀಪಿಂದು. ಅದು ಹಾಕಿದ್ರ ಹೈವೇ ಮ್ಯಾಲ ನಿಮ್ಮನ್ನ ಹಿಡಿಯಾಂವ ಹುಟ್ಟಿಲ್ಲ."

ಆಗ ನನಗೆ ಹೊಳೆಯಿತು. ದೊಡ್ಡದು ಹಾಕಿಸಿದರೆ ಹಳೆಯದು ಕೆಟ್ಟಿತೆಂದು ಹೇಳುವ ಅಗತ್ಯವೇ ಇಲ್ಲ. ಚಿಕ್ಕದಾಯಿತೆಂದು ನಾನೇ ಬಿಚ್ಚಿಸಿದೆ ಎಂದರಾಯಿತು. ಭಂಡಾರವೂ ಸುಳ್ಳಾಗಲಿಲ್ಲ, ಖೋಬ್ರಿಯ ಸುದ್ದಿಯೂ ಹೊರಬೀಳಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದರೆ ಇದೇ ಎಂದು ಹಿಗ್ಗಿದೆ. ದೊಡ್ಡ ಟರ್ಬೊ ನನಗೆ ಎಷ್ಟು ದಿನದ ಆಸೆ ಎಂಬುದನ್ನು ಆ ಹೊತ್ತಿನಲ್ಲಿ ನೆನೆಸಿಕೊಳ್ಳಲು ಹೋಗಲಿಲ್ಲ. ಅಪ್ಪನ ಸಲುವಾಗಿಯೇ ಎಂದುಕೊಂಡೆ.

ಆ ರಾತ್ರಿ ಮನೆಗೆ ಹೋಗದೆ ಅಂಗಡಿಯಲ್ಲೇ ಮಲಗಿ, ಶನಿವಾರ ಬೆಳಿಗ್ಗೆ ಅಂಗಡಿಯ ಬೈಕು ಹತ್ತಿ ಉದಗೀರಕ್ಕೆ ಹೊರಟೆ. ಐತಾರಕ್ಕೆ, ಅಂದರೆ ಭಾನುವಾರಕ್ಕೆ, ಒಂದೇ ದಿನ ಉಳಿದಿತ್ತು. ಅಂಗಾಲಿಗೆ ಕೆಂಡ ಕಟ್ಟಿದ ಹಾಗೆ ಆಗಿತ್ತು. ದೇವಣಿಯ ಹತ್ತಿರ ಯಾರೋ ಹೋರಿಗಳನ್ನು ರಸ್ತೆ ತುಂಬ ಹೊಡೆದುಕೊಂಡು ಹೊರಟಿದ್ದರು. "ಸರಕಾ ನಾ ಭಾವು!" ಎಂದು ದಾರಿ ಬಿಡಲು ಕೂಗಿ ಹಾರ್ನ್ ಒತ್ತಿದೆ. ಹೋರಿಯವನು ತಿರುಗಿಯೂ ನೋಡಲಿಲ್ಲ. ಹೋರಿ ನೋಡಿತು. ಅದರ ಗಂಗೆದೊಗಲು ಅತ್ತಿತ್ತ ತೂಗುವಷ್ಟು ನಿಧಾನಕ್ಕೆ ನಾನೂ ಹಿಂದೆ ಹೋಗಬೇಕಾಯಿತು. ದಾರಿಯುದ್ದಕ್ಕೂ ತಲೆಯಲ್ಲಿ ಎರಡು ಟರ್ಬೊಗಳೂ ತಿರುಗುತ್ತಿದ್ದವು. ದೊಡ್ಡ ಚಕ್ರ ತಿರುಗಲು ತಡ. ತುಳಿದ ಮೇಲೆ ಒಂದು ತುತ್ತು ನುಂಗುವಷ್ಟು ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ ನುಗ್ಗುತ್ತದೆ. ಹೈದರಾಬಾದಿನ ಹೈವೇಗೆ ಅದು ಸರಿ. ಟ್ರ್ಯಾಕ್ಟರು, ಕುರಿಹಿಂಡು, ಹೋರಿಗಳ ನಮ್ಮ ರಸ್ತೆಗೆ ಆ ಒಂದು ತುತ್ತಿನ ಹೊತ್ತು ಅಪಾಯ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಹೋಗುತ್ತಿದ್ದೆ.

ಉದಗೀರದ ಗುಜರಿಯವನು ಗೋಣಿಚೀಲ ಸರಿಸಿ ಟರ್ಬೊ ತೋರಿಸಿದ. ಕಳಪೆಯಿದ್ದರೆ ಬಿಟ್ಟು ಬರುತ್ತಿದ್ದೆನೋ ಏನೋ. ದಂಡವನ್ನು ಹಿಂದೆ ಮುಂದೆ ತಳ್ಳಿ ನೋಡಿದೆ, ಕದಲಲಿಲ್ಲ. ಎಲೆಗಳ ಅಂಚಿಗೆ ಉಗುರು ಎಳೆದೆ, ಎಲ್ಲಿಯೂ ತಡೆಯಲಿಲ್ಲ. ಒಳಗೆ ಬೆರಳು ಹಾಕಿ ತೆಗೆದೆ, ಎಣ್ಣೆಯ ಜಿಡ್ಡಿಲ್ಲ. ಊದಿದರೆ ಚಕ್ರ ಸದ್ದಿಲ್ಲದೆ ತಿರುಗಿತು. ಅಂಥ ವಸ್ತುವನ್ನು ನೋಡಿ ಬಾಯಲ್ಲಿ ನೀರೂರುವುದು ಏನೆಂದು ನನ್ನಂಥವರಿಗೇ ಗೊತ್ತು. ಬೈಕಿನ ಹಿಂದೆ ಅದೇ ಗೋಣಿಚೀಲದಲ್ಲಿ ಕಟ್ಟಿಕೊಂಡು ಸೀದಾ ಊರಿಗೆ ಬಂದೆ. ಹೇಳಬೇಕಾದ ಸುಳ್ಳನ್ನು ದಾರಿಯಲ್ಲಿ ಗಟ್ಟಿಯಾಗಿ ಹೇಳಿ ನೋಡಿಕೊಂಡೆ. ಹೆಲ್ಮೆಟ್ಟಿನೊಳಗೆ ಅದು ನಿಜದ ಹಾಗೇ ಕೇಳಿಸಿತು.

ಅಪ್ಪ ಬೇವಿನ ಮರದಡಿ ಒಂದು ಕುರಿಯನ್ನು ಕೆಡವಿಕೊಂಡು ಗೊರಸು ಕೆತ್ತುತ್ತಿದ್ದ. ಮುಖ ಬಾಡಿತ್ತು. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ಗಾಡಿ ಹ್ಯಾಂಗದ?"

"ಗಾಡಿಗೇನಾಗ್ಯದ? ಸಣ್ಣದಾಯ್ತಂತ ನಾನೇ ಬಿಚ್ಚಸೀನಿ. ಇದು ನೋಡು, ದೊಡ್ಡದು ತಂದೀನಿ."

ಚೀಲ ಬಿಚ್ಚಿ ಅವನ ಮುಂದೆ ಇಟ್ಟೆ. ಅಪ್ಪ ಕುರಿಯ ಕಾಲು ಬಿಡದೆ, ಇನ್ನೊಂದು ಕೈಯ ಬೆರಳಿನಿಂದ ಚಕ್ರವನ್ನು ಒಂದು ಸುತ್ತು ತಿರುಗಿಸಿದ.

"ಹಳೇದು ಛಲೋ ಇತ್ತೇನು?"

"ಛಲೋನೇ ಇತ್ತು."

"ಛಲೋ ಇದ್ದ ಗಾಡಿ ಹಗ್ಗ ಕಟ್ಟಿ ಯಾಕ ಎಳಸ್ದಿ?"

"ಡೀಸೆಲ್ ತೀರಿತ್ತು."

ಅಪ್ಪ ಚಕ್ರವನ್ನು ಇನ್ನೊಮ್ಮೆ ತಿರುಗಿಸಿದ. ಅವನು ನನ್ನನ್ನು ನಂಬಲು ಎಷ್ಟು ಆಸೆಪಡುತ್ತಿದ್ದಾನೆಂದು ಮುಖದಲ್ಲಿ ಕಾಣುತ್ತಿತ್ತು. "ಹಂಗಿದ್ರ ಭಂಡಾರ ಮುಟ್ಟಿ ಹೇಳು ತಮ್ಮಾ" ಎಂದ. "ಚೀಲ ಮಾಡದಾಗ ಅದ. ನಾ ಮುಟ್ಟಂಗಿಲ್ಲ. ನೀನೇ ತಗೊಂಡು ಬಾ."

ಭಂಡಾರ ಮುಟ್ಟಿ ಆಡಿದ ಮಾತು ನಮ್ಮಲ್ಲಿ ಕೊನೆಯ ಮಾತು. ಹೊಲದ ತಂಟೆ, ಹಿಸ್ಸೆಯ ಜಗಳ ಎಲ್ಲ ಅಲ್ಲಿಗೆ ಮುಗಿಯುತ್ತವೆ. ಅಂಗಡಿ ಇಟ್ಟಿದ್ದೇನೆ, ಗಿರಾಕಿಗಳ ಮುಂದೆ ಸುಳ್ಳು ಹೇಳಿದ್ದೇನೆ, ಅದರಲ್ಲಿ ನಾನೇನೂ ಸಾಧುವಲ್ಲ. ಒಳಗೆ ಹೋದೆ. ಮಾಡದ ಮುಂದೆ ನಿಂತೆ. ಚೀಲ ಕಣ್ಣೆದುರಿಗೇ ಇತ್ತು. ಕೈ ಮೇಲೆ ಹೋಗಲಿಲ್ಲ. ಒಂದು ಕ್ಷಣ ನನ್ನ ಮೇಲೆ, ಅಪ್ಪನ ಮೇಲೆ, ಬೀರಪ್ಪನ ಮೇಲೆ, ಒಟ್ಟಿಗೇ ಸಿಟ್ಟು ನೆತ್ತಿಗೇರಿತು. ಧಡಧಡನೆ ಹೊರಗೆ ಬಂದು ಕೂಗಾಡಿದೆ.

"ನೀನೇ ಕೆಡಿಸೀದಿ! ಖೋಬ್ರಿ ತಿನಸೀದಿ ಅದಕ್ಕ! ಅದೇನು ಟಗರೇನಪ್ಪಾ? ಖೋಬ್ರಿ ನುಂಗಿ ಚಕ್ರ ಮುರ್ದದ, ಗಾಡಿ ಹೊಗಿ ಬಿಟ್ಟು ನಡುದಾರ್ಯಾಗ ನಿಂತದ, ಸಾಕಾ?"

ಕೂಗಿದ ದನಿಗೆ ಹೆಂಡತಿ ಬಾಗಿಲಿಗೆ ಬಂದಳು. ಅಪ್ಪನ ಕೈಯಿಂದ ಕುರಿ ಬಿಡಿಸಿಕೊಂಡು ಓಡಿತು. ಅವನು ಅದನ್ನು ಗಮನಿಸಲಿಲ್ಲ.

"ಖೋಬ್ರಿ ಅದರ ಹೊಟ್ಟ್ಯಾಗ ಸಿಕ್ತಾ?"

"ಉಸ್ತಾದ ನನ್ನ ಮುಂದೇ ತಗದಾನ. ಹಳದಿ ಹಳದಿ ಚೂರು."

"ಖರೇ?"

"ಖರೇ ಅಪ್ಪಾ."

"ಅಂದ್ರ ಕೆಡಿಸ್ದಾಂವ ನಾ." ಆಮೇಲೆ ಮನೆಯೊಳಗೆ, ಮಾಡದ ಕಡೆಗೆ ಕೈ ತೋರಿಸಿ, ತೀರ ಸಣ್ಣ ದನಿಯಲ್ಲಿ ಕೇಳಿದ. "ಅಂವಾ ಅಲ್ಲ?"

"ಅಂವಾ ಅಲ್ಲ."

ಅಪ್ಪ ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡ. ಭುಜಗಳು ಅಲುಗುತ್ತಿದ್ದವು. ಮುದುಕನನ್ನು ಅಳಿಸಿದೆನಲ್ಲ ಎಂದುಕೊಂಡೆ. ಹತ್ತಿರ ಹೋಗಿ ಕೂತೆ. ರುಮಾಲು ಸರಿಸಿದಾಗ ಕಣ್ಣು ಒದ್ದೆಯಿದ್ದದ್ದು ಹೌದು. ಆದರೆ ಅವನು ನಗುತ್ತಿದ್ದ. ತಡೆಯಲಾರದೆ ನಗುತ್ತಿದ್ದ.

"ಅಂವಾ ನನ್ನ ಕೈ ಒಲ್ಲೆ ಅಂದಾನ ಅಂತ ಕುಂತಿದ್ದೆನಲ್ಲೋ! ನಿದ್ದಿ ಇಲ್ಲ, ಉಣ್ಣಾಕ ಮನಸಿಲ್ಲ. ಹುಚ್ಚಾ, ಮೊದಲೇ ಯಾಕ ಹೇಳ್ಲಿಲ್ಲ?"

"ಜನ ನಗ್ತಾರ ಅಂತ."

"ನಗ್ಲಿ ಬಿಡು. ಜನ ನಕ್ಕರ ಯಾರರ ಸತ್ತಾರೇನು?" ಎಂದವನೇ ಎದ್ದು ಸೊಸೆಗೆ ರೊಟ್ಟಿ ಬಡಿಯಲು ಹೇಳಿದ. ತುಸು ದೂರ ಹೋಗಿ ನಿಂತು ತಿರುಗಿದ. ಮುಖ ಸಣ್ಣದಾಗಿತ್ತು. "ನಿನ್ನ ಗಾಡಿ ಕೆಡಿಸ್ದೆನಲ್ಲಪ್ಪಾ. ಹಸಿದಿರ್ತದ ಅಂತ ಅಂದ್ಕೊಂಡೆ." ನಾನು ಎದ್ದು, ಓಡಿಹೋಗಿದ್ದ ಕುರಿಯನ್ನು ಹಿಡಿದು ತಂದೆ.

ಭಾನುವಾರ ದೊಡ್ಡಪ್ಪನ ಮಗ ಮಡಿಬಟ್ಟೆ ಉಟ್ಟು ಚೀಲ ತೆಗೆದುಕೊಳ್ಳಲು ಬಂದ. ಓಣಿಯ ಹಿರಿಯರೂ ಬಂದರು. ಸಾವಿನ ಮನೆಗೆ ಬಂದವರ ಹಾಗೆ ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಅಪ್ಪ ನಡುವೆ ನಿಂತು, ನಾನು ಇಷ್ಟೆಲ್ಲ ಓಡಾಡಿ ಮುಚ್ಚಿಡಲು ಹೊರಟಿದ್ದನ್ನು ತಾನೇ ಬಾಯಿಬಿಟ್ಟು ಹೇಳಿದ. ಬರೀ ಹೇಳಲಿಲ್ಲ, ಮಾಡಿ ತೋರಿಸಿದ. ಕ್ಲಿಪ್ಪು ಒತ್ತಿದ್ದು, ಗಾಡಿಯ ಗದ್ದ ಹಿಡಿದ ಹಾಗೆ ಕೊಳವೆ ಹಿಡಿದದ್ದು, "ತಿನ್ನು ನನ್ನಪ್ಪಾ" ಎಂದದ್ದು. ಮೊದಲು ನಕ್ಕವನು ದೊಡ್ಡಪ್ಪನ ಮಗನೇ. ಚೀಲ ಅಪ್ಪನಲ್ಲೇ ಉಳಿಯಿತು, ತನಗೆ ಸಿಗಲಿಲ್ಲವೆಂಬ ಬೇಸರ ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಹಿರಿಯರೊಬ್ಬರು, "ಮುಂದಿನ ದಸರಾಕ್ಕ ನಮ್ಮ ಟ್ರ್ಯಾಕ್ಟರಿಗಿ ಭಂಡಾರ ಅಷ್ಟೇ ಹಾಕ್ರಿ ಪೂಜಾರಿ, ಊಟ ಬ್ಯಾಡ" ಎಂದರು. ಅಂದರೆ ಅವರ ಟ್ರ್ಯಾಕ್ಟರು ಬರುತ್ತದೆ. ನಾನು ಹೆದರಿದ್ದ ನಗೆ ಇದೇ ಆಗಿತ್ತು. ಅದರ ನಡುವೆ ಅಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನ ಮರ್ಯಾದೆ ಎಂದು ನಾನು ಕಾಯಲು ಹೊರಟಿದ್ದು ನನ್ನದೇ ಮರ್ಯಾದೆಯಾಗಿತ್ತೇನೋ ಎಂದು ನಾಚಿಕೆಯಾಯಿತು.

ಜನ ಚದುರಿದ ಮೇಲೆ ಅಂಗಳಕ್ಕೆ ಬಂದೆ. ದೊಡ್ಡ ಟರ್ಬೊ ಗೋಣಿಚೀಲದ ಮೇಲೆ ಬಿಸಿಲಿಗೆ ಬಿದ್ದಿತ್ತು. ಆಸೆ ಹೋಗಿರಲಿಲ್ಲ, ಸುಳ್ಳೇಕೆ ಹೇಳಲಿ. ಈಗಲೂ ಹೈವೇಯಲ್ಲಿ ಯಾರಾದರೂ ರೊಯ್ಯನೆ ದಾಟಿ ಹೋದರೆ ನನ್ನ ಮೊಣಕಾಲು ಕುಣಿಯುತ್ತದೆ. ಆದರೂ ಫೋನ್ ತೆಗೆದು ಉಸ್ತಾದನಿಗೆ ಮಾಡಿದೆ.

"ಉಸ್ತಾದ, ಬೆಂಚಿನ ಮ್ಯಾಲಿಂದೇ ಹಾಕ್ರಿ. ಮೂಲ ಅಳತಿದು."

"ಅರೇ! ದೊಡ್ಡದರ ಸಲುವಾಗಿ ಉದಗೀರ ತನಕ ಓಡೀರಲ್ರೀ ಮಾಲಕ? ಛಲೋ ಇಲ್ಲೇನು?"

"ಭಾಳ ಛಲೋ ಅದ. ನಮ್ಮ ಅಪ್ಪನ ಸಲುವಾಗಿ ತಂದಿದ್ದೆ" ಎಂದೆ. "ಅಂವಗ ಅದು ಬೇಕಾಗ್ಲಿಲ್ಲ."